ಚೌಕಿಯ ತನಕ ಹೋದ ಹೊಟ್ಟೆಕಿಚ್ಚು: ಒಂದು ಪ್ರಕರಣ ಅಧ್ಯಯನ

ಗಂಡನಿಗೆ 49, ಹೆಂಡತಿಗೆ 44. ಮದುವೆಯಾಗಿ 19 ವರ್ಷ. ಉಡುಪಿಯ ಹತ್ತಿರ ಸ್ವಂತ ಮನೆ. ಗಂಡ ಬ್ಯಾಂಕಿನಲ್ಲಿ ಅಧಿಕಾರಿ, ಹೆಂಡತಿ ಹೈಸ್ಕೂಲ್ ಟೀಚರ್. ಒಬ್ಬಳೇ ಮಗಳು, ಪಿಯುಸಿ ಓದುತ್ತಾಳೆ. ಗಂಡನ ಅಮ್ಮ ಜೊತೆಗಿದ್ದಾರೆ. ಮನೆಮಾತು ಕುಂದಾಪುರ ಕಡೆಯ ಕನ್ನಡ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಗಂಟು ಎಲ್ಲಿ ಬಿತ್ತು, ಎಷ್ಟು ಸಡಿಲವಾಯಿತು ಅನ್ನುವುದನ್ನು ಮುಟ್ಟಿಲ್ಲ.

ಉಡುಪಿಯವರು ಮಂಗಳೂರಿಗೆ, ದಂಪತಿಗಳಿಗೆ ಸಲಹೆ ಹೇಳುವ ನನ್ನ ಹತ್ತಿರ ಯಾಕೆ ಬಂದರು ಅಂತ ಕೇಳಬಹುದು. ಅವರ ಮನೆ ಹತ್ತಿರವೇ ಮಣಿಪಾಲ ಇದೆ, ಅಲ್ಲಿ ಒಳ್ಳೆಯ ಡಾಕ್ಟರುಗಳೂ ಇದ್ದಾರೆ. ಆದರೆ ಇಂಥ ವಿಷಯಕ್ಕೆ ನಮ್ಮ ಜನ ಊರು ದಾಟುತ್ತಾರೆ. ಮಂಗಳೂರಿನವರು ಉಡುಪಿ ಕಡೆಗೆ ಹೋಗುತ್ತಾರೆ, ಉಡುಪಿಯವರು ಮಂಗಳೂರಿಗೆ ಬರುತ್ತಾರೆ. ವೇಟಿಂಗ್ ರೂಮಿನಲ್ಲಿ ಭಾವನ ಅಕ್ಕನೋ ಹಳೇ ವಿದ್ಯಾರ್ಥಿಯ ಅಮ್ಮನೋ ಸಿಕ್ಕಿಬಿಟ್ಟರೆ ಅನ್ನುವ ಹೆದರಿಕೆ. ಹೆದ್ದಾರಿ 66ರಲ್ಲಿ ಹತ್ತಿರ ಹತ್ತಿರ ಒಂದೂವರೆ ಗಂಟೆ. ಆ ದಾರಿಯೂ ಮುಂದೆ ಕೆಲಸಕ್ಕೆ ಬಂತು.

ಬಂದ ದೂರು

ಮೊದಲ ಸಲ ಇಬ್ಬರೂ ಒಟ್ಟಿಗೆ ಕೂತರು. ಮಾತು ಶುರು ಮಾಡಿದ್ದು ಗಂಡ. "ಮೇಡಂ, ಇವಳು ತಪ್ಪು ಮಾಡ್ಲಿಲ್ಲ. ಅದು ನನಗೆ ಗೊತ್ತುಂಟು. ಆದ್ರೂ ತಲೆಯಿಂದ ಹೋಗುದಿಲ್ಲ."

ಹೆಂಡತಿ ಅವರ ಮುಖ ನೋಡಲಿಲ್ಲ. "ನಾನು ಒಂದು ದಿನ ನಿಜ ಹೇಳಿದೆ. ಆವತ್ತಿಂದ ಬಡ್ಡಿ ಕಟ್ತಾ ಇದ್ದೇನೆ" ಅಂದರು.

ಹಿನ್ನೆಲೆ ಹೀಗೆ. 2020ರ ಏಪ್ರಿಲ್‌ನಲ್ಲಿ ಬ್ಯಾಂಕುಗಳ ವಿಲೀನ ಆಯಿತು. ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕುಗಳ ಬೋರ್ಡು ಬದಲಾಯಿತು, ಆಮೇಲೆ ವರ್ಗಾವಣೆಗಳೂ ಬಂದವು. ಗಂಡನಿಗೆ ನಾಗಪುರ ಸಿಕ್ಕಿತು. ಮೂರು ವರ್ಷ ಅಲ್ಲಿ ಒಬ್ಬರೇ ಇದ್ದರು. ಇತ್ತ ಹೆಂಡತಿ ಶಾಲೆ, ಅತ್ತೆಯ ಮಾತ್ರೆ, ಮಗಳ ಟ್ಯೂಷನ್, ಮಳೆಗಾಲದಲ್ಲಿ ಸೋರುವ ಮಾಡು ಎಲ್ಲ ನೋಡಿಕೊಂಡರು. ಸ್ಕೂಟರ್ ಕಲಿತರು. ಜೊತೆಯ ಟೀಚರ್ ಒಬ್ಬರಿಗೆ ಆಟದ, ಅಂದರೆ ಯಕ್ಷಗಾನದ ಹುಚ್ಚು. ಅವರ ಜೊತೆ ಇವರೂ ಹೋಗಲು ಶುರು ಮಾಡಿದರು. ಈಗ ಬಹಳ ಕಡೆ ಕಾಲಮಿತಿ ಆಟ, ಮಧ್ಯರಾತ್ರಿಯ ಹೊತ್ತಿಗೆ ಮುಗಿಯುತ್ತದೆ. ಬೆಳಿಗ್ಗೆ ಶಾಲೆಗೆ ಹೋಗುವವರಿಗೂ ಆಗುತ್ತದೆ.

ಗಂಡ ವಾಪಸ್ ಬಂದ ಮೇಲೆ ಒಂದು ರಾತ್ರಿ ಲೈಟ್ ಆರಿಸಿ ಮಲಗಿದಾಗ ತಮಾಷೆಗೆ ಕೇಳಿದರು, "ನೀನು ಯಾವಾಗಾದ್ರೂ ಬೇರೆ ಯಾರನ್ನಾದ್ರೂ ನೆನೆಸಿಕೊಳ್ಳುದುಂಟಾ?" ಹೆಂಡತಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಹೌದು ಅಂದರು. ಯಾರು ಅಂತ ಕೇಳಿದಾಗ ಬಡಗುತಿಟ್ಟಿನ, ಅಂದರೆ ಉತ್ತರದ ಶೈಲಿಯ ಯಕ್ಷಗಾನದ, ಒಬ್ಬ ಕಲಾವಿದರ ಹೆಸರು ಹೇಳಿದರು. ಪುಂಡುವೇಷದವರು. ಅಭಿಮನ್ಯು, ಬಭ್ರುವಾಹನ ಇಂಥ ಎಳೆ ವಯಸ್ಸಿನ ವೀರರ ಪಾತ್ರಗಳು. ಕೇದಗೆ ಮುಂದಲೆ ಅನ್ನುವ ತಲೆಯುಡುಗೆ ಕಟ್ಟಿ, ರಂಗದ ತುಂಬಾ ಮಂಡಿಯಲ್ಲಿ ತಿರುಗುವವರು. ಆ ಕಲಾವಿದರ ಪರಿಚಯ ಇವರಿಗಿಲ್ಲ. ಮಾತಾಡಿದ್ದಿಲ್ಲ, ನಂಬರ್ ಇಲ್ಲ, ಚೌಕಿ, ಅಂದರೆ ವೇಷ ಕಟ್ಟುವ ಜಾಗದ ಕಡೆ ಹೋದದ್ದೂ ಇಲ್ಲ. ಯೂಟ್ಯೂಬ್‌ನಲ್ಲಿ ವಿಡಿಯೊ ನೋಡುತ್ತಿದ್ದರು, ಅಷ್ಟೇ.

ಆ ರಾತ್ರಿ ಗಂಡನಿಗೆ ಸಿಟ್ಟು ಬರಲಿಲ್ಲ. ನಾಗಪುರದಿಂದ ಬಂದ ಮೇಲೆ ಇಬ್ಬರೂ ಅಷ್ಟು ಆಸೆಯಿಂದ ಸೇರಿದ್ದು ಅದೇ ಮೊದಲು. ಇದನ್ನು ಇಬ್ಬರೂ ಬೇರೆ ಬೇರೆಯಾಗಿ ನನಗೆ ಹೇಳಿದರು, ಇಬ್ಬರೂ ನಾಚಿಕೊಂಡೇ ಹೇಳಿದರು. ಬೆಳಿಗ್ಗೆ ಕಾಫಿ ಲೋಟ ಕೈಯಲ್ಲಿ ಹಿಡಿಯುವ ಹೊತ್ತಿಗೆ ಗಂಡನ ಹೊಟ್ಟೆಯೊಳಗೆ ಉರಿ ಶುರುವಾಗಿತ್ತು.

ಆಮೇಲೆ ವಿಚಾರಣೆ. ಯಾವಾಗಿಂದ? ನಾನು ನಾಗಪುರದಲ್ಲಿದ್ದಾಗಲಾ? ಮದುವೆಯಾದ ಹೊಸದರಲ್ಲಿ ಯಾರನ್ನು? ನಿನ್ನೆ ನನ್ನ ಜೊತೆ ಇದ್ದಾಗ ಕಣ್ಣು ಮುಚ್ಚಿದೆಯಲ್ಲ, ಆಗ ಯಾರಿದ್ದದ್ದು? ವಾರಕ್ಕೆ ಎರಡು ಮೂರು ರಾತ್ರಿ ಇದೇ. ಹೆಂಡತಿಯ ಫೋನಿನಲ್ಲಿ ಯಾವ ವಿಡಿಯೊ ನೋಡಿದ್ದಾರೆ ಅಂತ ಹುಡುಕಲು ಶುರು ಮಾಡಿದರು. "ಈ ಸಲ ಆಟಕ್ಕೆ ಹೋಗುದು ಬೇಡ" ಅಂದರು. ಹೆಂಡತಿ ಹೋಗಲಿಲ್ಲ. ಅದರಿಂದಲೂ ಗಂಡನಿಗೆ ಸಮಾಧಾನ ಆಗಲಿಲ್ಲ. ಬೇಡ ಅಂದ ಕೂಡಲೇ ಬಿಟ್ಟಳಲ್ಲ, ಹಾಗಾದರೆ ಒಳಗೆ ಏನೋ ಇರಬೇಕು ಅಂತ ಲೆಕ್ಕ ಹಾಕಿದರು. ಅನುಮಾನದ ಲೆಕ್ಕ ಹೀಗೇ. ಹೋದರೂ ಸಾಕ್ಷಿ, ಬಿಟ್ಟರೂ ಸಾಕ್ಷಿ.

ಒಂದು ರಾತ್ರಿ ಅವರೇ ಆಟಕ್ಕೆ ಹೋದರು, ಹೆಂಡತಿಗೆ ಹೇಳದೆ. ಕೊನೆಯ ಸಾಲಿನಲ್ಲಿ ನಿಂತರು. ಆ ಕಲಾವಿದರ ವೇಷ ಮುಗಿದ ಮೇಲೆ ಚೌಕಿಯ ಹತ್ತಿರ ಹೋಗಿ ಇಣುಕಿದರು. ತೆಂಗಿನೆಣ್ಣೆ ಹಚ್ಚಿ ಮುಖದ ಬಣ್ಣ ತೆಗೆಯುತ್ತಿದ್ದ ಒಬ್ಬ ಸಣಕಲು ಮನುಷ್ಯ. ನೆತ್ತಿಯಲ್ಲಿ ಕೂದಲು ಕಡಿಮೆ. ಎರಡೂ ಮೊಣಕಾಲಿಗೆ ಪಟ್ಟಿ. ಪಕ್ಕದವರ ಹತ್ತಿರ ಮಗನ ಕಾಲೇಜಿನ ಫೀಸಿನ ಬಗ್ಗೆ ಮಾತಾಡುತ್ತಿದ್ದರಂತೆ. "ನನಗಿಂತ ಒಂದೆರಡು ವರ್ಷ ದೊಡ್ಡವರೇ ಇರಬೇಕು ಮೇಡಂ. ಇವರ ಮೇಲೆ ಎಂತ ಹೊಟ್ಟೆಕಿಚ್ಚು ಪಡುದು? ಆದ್ರೆ ಮನೆಗೆ ಬಂದ್ರೆ ಪುನಃ ಅದೇ." ಈ ಮಾತನ್ನು ನಾನು ಫೈಲಿನಲ್ಲಿ ಅಡಿಗೆರೆ ಹಾಕಿ ಇಟ್ಟುಕೊಂಡೆ. ಆಳನ್ನು ಕಣ್ಣಾರೆ ನೋಡಿದ ಮೇಲೂ ಉರಿ ಇಳಿಯಲಿಲ್ಲ ಅಂದರೆ ಉರಿಗೆ ಕಾರಣ ಆ ಆಳಲ್ಲ.

ಮೊದಲು ನೋಡಬೇಕಾದದ್ದು

ಇಂಥ ಪ್ರಕರಣದಲ್ಲಿ ಪ್ರೀತಿ, ಆಸೆ ಅಂತ ಮಾತು ಶುರು ಮಾಡುವ ಮೊದಲು ಕೆಲವು ವಿಷಯ ಖಚಿತ ಮಾಡಿಕೊಳ್ಳಬೇಕು. ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಕೇಳಿದೆ. ಹೊಡೆತ ಇದೆಯಾ, ಬೆದರಿಕೆ ಇದೆಯಾ, ಸಂಬಳ ಕಿತ್ತುಕೊಳ್ಳುವುದು, ಒತ್ತಾಯದಿಂದ ಸೇರುವುದು ಇದೆಯಾ? ಇದ್ದರೆ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಮಾತಾಡಿಸುವುದು ಅಪಾಯ. ಇಲ್ಲಿ ಹೇಳಿದ್ದಕ್ಕೆ ಮನೆಯಲ್ಲಿ ಏಟು ಬೀಳುತ್ತದೆ. ಅಂಥವರಿಗೆ ಮೊದಲು ಬೇಕಾದದ್ದು ರಕ್ಷಣೆ. ಮಹಿಳಾ ಸಹಾಯವಾಣಿ 181 ಇದೆ, 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಇದೆ. ಈ ಮನೆಯಲ್ಲಿ ಹೊಡೆತ ಇರಲಿಲ್ಲ, ಒತ್ತಾಯವೂ ಇರಲಿಲ್ಲ. ಆದರೆ ಫೋನ್ ಹುಡುಕುವುದು, ಆಟಕ್ಕೆ ಹೋಗಬೇಡ ಅನ್ನುವುದು ಸಣ್ಣ ವಿಷಯ ಅಲ್ಲ ಅಂತ ಗಂಡನಿಗೆ ಆವತ್ತೇ ಹೇಳಿದೆ. ಅದು ಪ್ರೀತಿ ಜಾಸ್ತಿಯಾಗಿ ಮಾಡುವ ಕೆಲಸ ಅಲ್ಲ.

ಇನ್ನೊಂದು, ಅನುಮಾನದ ಕಾಯಿಲೆ. ಕೆಲವರಲ್ಲಿ ಹೊಟ್ಟೆಕಿಚ್ಚು ಭ್ರಮೆಯ ಮಟ್ಟಕ್ಕೆ ಹೋಗುತ್ತದೆ. ಹೆಂಡತಿ ಹಾದರ ಮಾಡಿದ್ದಾಳೆ ಅಂತ ಗಟ್ಟಿಯಾಗಿ ನಂಬಿಬಿಡುತ್ತಾರೆ, ಯಾವ ಪುರಾವೆಯೂ ಅವರನ್ನು ಅಲ್ಲಾಡಿಸುವುದಿಲ್ಲ. 1955ರಲ್ಲಿ ಟಾಡ್ ಮತ್ತು ಡ್ಯೂಹರ್ಸ್ಟ್ ಇದಕ್ಕೆ ಒಥೆಲೋ ಸಿಂಡ್ರೋಮ್ ಅಂತ ಹೆಸರಿಟ್ಟರು. ವರ್ಷಗಟ್ಟಲೆ ಕುಡಿಯುವವರಲ್ಲಿ ಇದು ಕಾಣುತ್ತದೆ, ಮಿದುಳಿನ ಕೆಲವು ಕಾಯಿಲೆಗಳಲ್ಲೂ ಕಾಣುತ್ತದೆ. ಅವರಿಗೆ ಸಲಹೆ ಸಾಲದು, ಮನೋವೈದ್ಯರು ಬೇಕು, ಔಷಧಿ ಬೇಕು. ನಮ್ಮ ಗಂಡ ಕುಡಿಯುವುದು ಮದುವೆ ಮನೆಯ ಪಾರ್ಟಿಯಲ್ಲಿ ಮಾತ್ರ. ಮೊದಲ ಮಾತಿನಲ್ಲೇ "ಇವಳು ತಪ್ಪು ಮಾಡ್ಲಿಲ್ಲ" ಅಂದವರು. ಭ್ರಮೆಯಲ್ಲಿ ಇರುವವರು ಆ ಮಾತು ಹೇಳುವುದಿಲ್ಲ.

ಮೂರನೆಯದು ಮೈಯ ಕಥೆ. ಇದನ್ನು ಕೇಳದೆ ಬರೀ ಮನಸ್ಸಿನ ಬಗ್ಗೆ ಮಾತಾಡುವ ಸಲಹೆಗಾರರ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ. ಗಂಡನಿಗೆ ಒಂದೆರಡು ವರ್ಷದಿಂದ ಸೇರುವಾಗ ಆಗಾಗ ಶಿಶ್ನದ ಗಡಸು ನಿಲ್ಲುತ್ತಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದಾಗ ಶುಗರ್ ಜಾಸ್ತಿ ಇತ್ತು. ಸಕ್ಕರೆ ಕಾಯಿಲೆ ರಕ್ತನಾಳವನ್ನೂ ನರವನ್ನೂ ಕೆಡಿಸುತ್ತದೆ. ಆ ಜಾಗದ ರಕ್ತನಾಳ ಸಣ್ಣದು, ಹಾಗಾಗಿ ತೊಂದರೆ ಅಲ್ಲಿ ಮೊದಲು ಕಾಣುತ್ತದೆ. ಎಷ್ಟೋ ಸಲ ಹೃದಯದ ತೊಂದರೆಗೂ ಅದು ಮುನ್ಸೂಚನೆ. ಬಿಪಿಯ ಕೆಲವು ಮಾತ್ರೆಗಳಿಂದಲೂ ಹೀಗಾಗಬಹುದು. ನಾಚಿಕೊಂಡು ಮುಚ್ಚಿಡುವ ವಿಷಯ ಅಲ್ಲ ಇದು. ಆದರೆ ಇವರು ಮುಚ್ಚಿಟ್ಟರು. ತನ್ನ ಮೈ ಕೈಕೊಡುತ್ತಿದೆ ಅನ್ನುವ ಹೆದರಿಕೆಯಲ್ಲಿದ್ದಾಗಲೇ ಹೆಂಡತಿಯ ಬಾಯಿಂದ ರಂಗದಲ್ಲಿ ಬಿರುಗಾಳಿಯ ಹಾಗೆ ತಿರುಗುವ ಪುಂಡುವೇಷದ ಹೆಸರು ಕೇಳಿದರು.

ಹೆಂಡತಿಗೆ 44. ಮುಟ್ಟು ಹಿಂದೆ ಮುಂದೆ ಆಗುತ್ತಿತ್ತು. ರಾತ್ರಿ ಬೆವರು, ನಿದ್ರೆ ಕಡಿಮೆ. ಮುಟ್ಟು ನಿಲ್ಲುವ ಮುಂಚಿನ ಈ ವರ್ಷಗಳಲ್ಲಿ ಈಸ್ಟ್ರೋಜನ್ ಹಾರ್ಮೋನು ಏರುಪೇರಾಗುತ್ತಾ ಕಡಿಮೆಯಾಗುತ್ತದೆ. ಒಳಗೆ ಒಣಗುತ್ತದೆ, ಸೇರುವಾಗ ನೋವಾಗುತ್ತದೆ. ನೋವಾದಾಗ ಅವರು ಕಣ್ಣು ಮುಚ್ಚುತ್ತಿದ್ದರು. ಗಂಡ ಅದನ್ನು ಬೇರೆ ಗಂಡಸನ್ನು ನೆನೆಯುವುದು ಅಂತ ಓದಿಕೊಂಡರು! ಈ ಒಂದು ವಿಷಯ ಬಾಯಿಬಿಟ್ಟು ಹೇಳಿದ ದಿನ ಗಂಡ ಬಹಳ ಹೊತ್ತು ಮಾತಾಡಲಿಲ್ಲ. ಮೆಡಿಕಲ್ ಶಾಪಿನಲ್ಲಿ ಸಿಗುವ ಜಾರುಕ ಜೆಲ್ಲಿನಿಂದ ಸ್ವಲ್ಪ ಉಪಯೋಗ ಆಯಿತು. ಸ್ತ್ರೀರೋಗ ತಜ್ಞರಿಗೂ ತೋರಿಸಿದರು.

ರಾತ್ರಿ ಒಂದು, ಬೆಳಿಗ್ಗೆ ಇನ್ನೊಂದು

ಶುಗರ್, ಒಣಗುವುದು ಎಲ್ಲ ಸೇರಿದರೂ ಈ ಪ್ರಕರಣದ ಮುಖ್ಯ ಗಂಟು ಬೇರೆಯೇ ಇತ್ತು. ಅದು ಸಿಕ್ಕಿದ್ದು ಹೆಂಡತಿಯ ಜೊತೆ ಒಬ್ಬರೇ ಕೂತಾಗ. "ಇವರು ಈಗ ನನ್ನ ಹತ್ತಿರ ಬರುದು ಜಗಳ ಆದ ರಾತ್ರಿ ಮಾತ್ರ ಮೇಡಂ" ಅಂದರು. ಮುಂದಿನ ಸಲ ಇಬ್ಬರಿಗೂ ಒಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಲು ಹೇಳಿದೆ. ವಿಚಾರಣೆ ನಡೆದ ರಾತ್ರಿಗೆ ಒಂದು ಗುರುತು, ಸೇರಿದ ರಾತ್ರಿಗೆ ಇನ್ನೊಂದು. ಎರಡೂ ಗುರುತು ಒಂದೇ ಚೌಕದಲ್ಲಿ ಬೀಳುತ್ತಾ ಹೋದವು. ವಿಚಾರಣೆ ಇಲ್ಲದ ರಾತ್ರಿಗಳಲ್ಲಿ ಇಬ್ಬರೂ ಫೋನ್ ನೋಡಿ ನಿದ್ರೆ ಹೋಗುತ್ತಿದ್ದರು.

ಅಂದರೆ ಹೊಟ್ಟೆಕಿಚ್ಚು ಇವರ ಹಾಸಿಗೆಯ ಶತ್ರು ಮಾತ್ರ ಆಗಿರಲಿಲ್ಲ. ಹಾಸಿಗೆ ಬೆಚ್ಚಗೆ ಇಡುತ್ತಿದ್ದದ್ದೂ ಅದೇ.

ಇದು ವಿಚಿತ್ರ ಅಂತ ಅನಿಸಬಹುದು, ಆದರೆ ಅಪರೂಪ ಅಲ್ಲ. ಹೆದರಿಕೆ, ಸಿಟ್ಟು, ಆಸೆ ಮೂರರಲ್ಲೂ ಎದೆ ಹೊಡೆದುಕೊಳ್ಳುತ್ತದೆ, ಉಸಿರು ಜೋರಾಗುತ್ತದೆ. ಮೈಗೆ ಒಂದರಿಂದ ಇನ್ನೊಂದಕ್ಕೆ ಜಾರುವುದು ಸುಲಭ. 1974ರಲ್ಲಿ ಡಟನ್ ಮತ್ತು ಆರನ್ ಕೆನಡಾದ ವ್ಯಾಂಕೂವರ್ ಹತ್ತಿರ ಕ್ಯಾಪಿಲಾನೊ ಅನ್ನುವ ತೂಗುಸೇತುವೆಯಲ್ಲಿ ಒಂದು ಪ್ರಯೋಗ ಮಾಡಿದ್ದರು. ಆಳದ ಕಣಿವೆಯ ಮೇಲೆ ಅಲ್ಲಾಡುವ ಸೇತುವೆ. ಅದನ್ನು ದಾಟುತ್ತಿದ್ದ ಗಂಡಸರನ್ನು ಒಬ್ಬ ಯುವತಿ ಮಾತಾಡಿಸಿ, ಫೋನ್ ನಂಬರ್ ಕೊಟ್ಟಳು. ಅಲ್ಲಾಡದ ಗಟ್ಟಿ ಸೇತುವೆಯಲ್ಲಿ ನಂಬರ್ ಪಡೆದವರಿಗಿಂತ ಇವರೇ ಜಾಸ್ತಿ ಫೋನ್ ಮಾಡಿದರು. ಹೆದರಿಕೆಯ ಬಡಿತ ಆಕರ್ಷಣೆಯ ಲೆಕ್ಕಕ್ಕೆ ಸೇರಿಬಿಟ್ಟಿತು ಅನ್ನುವುದು ಅವರ ವಾದ. ಒಂದು ಪ್ರಯೋಗದಿಂದ ಎಲ್ಲವೂ ಸಾಬೀತಾಗುವುದಿಲ್ಲ, ಸರಿ. ಆದರೆ ನಮ್ಮ ಗಂಡನಿಗೆ ಇದನ್ನು ಹೇಳಿದಾಗ ಅವರು ಕೂಡಲೇ ಹಿಡಿದುಕೊಂಡರು. "ಬೇರೆಯವನು ನೋಡ್ತಿದ್ದಾನೆ ಅಂತ ಗ್ರಹಿಸಿದ್ರೆ ಇವಳು ನನಗೆ ಹೊಸಬಳ ಹಾಗೆ ಕಾಣ್ತಾಳೆ" ಅಂದರು.

19 ವರ್ಷ ಜೊತೆಗಿದ್ದ ಹೆಂಡತಿ ಹೊಸಬಳಾಗಿ ಕಾಣುವುದಕ್ಕೆ ಮೂರನೆಯವನ ಕಣ್ಣು ಬೇಕಾಯಿತು. ಇದನ್ನು ಕೇಳಿ ಹೆಂಡತಿಗೆ ಬೇಜಾರಾಗುತ್ತದೆ ಅಂತ ನಾನು ಗ್ರಹಿಸಿದ್ದೆ. ಅವರು ನಕ್ಕುಬಿಟ್ಟರು. ಆಮೇಲೆ ಇನ್ನೂ ಮುಖ್ಯವಾದ ಮಾತು ಹೇಳಿದರು. ಕೆಲವು ರಾತ್ರಿ ಅವರೇ ಬೇಕಂತ ಆ ಕಲಾವಿದರ ವಿಡಿಯೊ ಹಾಕಿ, ಗಂಡನಿಗೆ ಕೇಳುವಷ್ಟು ಸೌಂಡ್ ಇಟ್ಟದ್ದಿದೆಯಂತೆ. ಚೆಂಡೆಯ ಸದ್ದು ಕೇಳಿದರೆ ಇವರು ಹತ್ತಿರ ಬರುತ್ತಾರೆ ಅಂತ ಗೊತ್ತಾಗಿತ್ತು. "ರಾತ್ರಿ ನನಗೂ ಬೇಕಿತ್ತು. ನನಗೆ ಆಗದ್ದು ಬೆಳಿಗ್ಗೆ. ಬೆಳಿಗ್ಗೆ ನಾನು ಅಪರಾಧಿ."

ಹಾಗಾಗಿ ಒಬ್ಬರು ಪೀಡಿಸುವವರು, ಒಬ್ಬರು ಪೀಡೆ ಪಡುವವರು ಅಂತ ಈ ಕಥೆಯನ್ನು ನೇರ ಬರೆಯಲು ಆಗುವುದಿಲ್ಲ. ಬೆಳಗಿನ ವಿಷಯದಲ್ಲಿ ಮಾತ್ರ ಹಾಗೆ ಬರೆಯಬಹುದು. ರಾತ್ರಿಯ ವಿಷಯದಲ್ಲಿ ಇಬ್ಬರೂ ಪಾಲುದಾರರು.

ಆಕೆಯ ಕಲ್ಪನೆಯಲ್ಲಿ ಇದ್ದದ್ದು ಯಾರು?

ಗಂಡ ಎಷ್ಟೋ ಸಲ ಕೇಳಿದರು, ಆದರೆ ಒಂದು ಪ್ರಶ್ನೆ ಕೇಳಿರಲಿಲ್ಲ. ಆ ಕಲ್ಪನೆಯಲ್ಲಿ ನೀನು ಹೇಗಿರುತ್ತೀ ಅನ್ನುವ ಪ್ರಶ್ನೆ. ನಾನು ಕೇಳಿದೆ, ಒಬ್ಬರೇ ಇದ್ದಾಗ. ವಿವರ ಬೇಡ, ನಿಮಗೆ ಇಷ್ಟ ಇದ್ದಷ್ಟು ಹೇಳಿ ಅಂದೆ.

ಆಕೆಗೆ ಅದರಲ್ಲಿ ವಯಸ್ಸೇ ಇಲ್ಲ. ಬೆನ್ನು ನೋವಿಲ್ಲ. ಅತ್ತೆ ಕೆಮ್ಮುವುದು ಕೇಳಿಸುವುದಿಲ್ಲ. ನಾಳೆ ಬೆಳಿಗ್ಗೆ ದೋಸೆಗೆ ಹಿಟ್ಟು ಉಂಟಾ ಅಂತ ಯಾರೂ ಕೇಳುವುದಿಲ್ಲ. ರಂಗದಲ್ಲಿ ಕುಣಿಯುವವನು ಒಂದು ಕ್ಷಣ ನಿಂತು ಇವರನ್ನೇ ನೋಡುತ್ತಾನೆ. ಕಲ್ಪನೆಯ ಮುಕ್ಕಾಲು ಭಾಗ ಆ ನೋಟ. ಆಮೇಲಿನದು ಬಹಳ ಸಲ ಬರುವುದೇ ಇಲ್ಲ, ಅಷ್ಟರಲ್ಲಿ ನಿದ್ರೆ.

2010ರಲ್ಲಿ ಸಿಮ್ಸ್ ಮತ್ತು ಮಿಯಾನ ಅನ್ನುವ ಸಂಶೋಧಕಿಯರು ಅಮೆರಿಕದಲ್ಲಿ 19 ವಿವಾಹಿತ ಹೆಂಗಸರನ್ನು ಕೂರಿಸಿ, ಗಂಡನ ಮೇಲಿನ ಆಸೆ ಯಾಕೆ ಇಳಿಯಿತು ಅಂತ ಕೇಳಿದ್ದರು. ಮೂರು ಮಾತು ಪದೇ ಪದೇ ಬಂದವು. ಮದುವೆಯಾದ ಮೇಲೆ ಅದು ಕರ್ತವ್ಯದ ಹಾಗೆ ಆಯಿತು. ಒಬ್ಬರಿಗೊಬ್ಬರು ಜಾಸ್ತಿಯೇ ಪರಿಚಯವಾದೆವು. ಅಮ್ಮ, ಕೆಲಸದವಳು, ಮನೆ ನೋಡುವವಳು ಈ ಪಾತ್ರಗಳ ಮಧ್ಯೆ ಹೆಣ್ಣು ಅನ್ನುವುದೇ ಮರೆತುಹೋಯಿತು. ಸಣ್ಣ ಅಧ್ಯಯನ, ದೂರದ ದೇಶ. ಆದರೂ ಉಡುಪಿಯ ಈ ಟೀಚರ್ ಆ ಮೂರನ್ನೂ ಅದೇ ಸಾಲಿನಲ್ಲಿ ಹೇಳಿದರು. ಅವರಿಗೆ ಆ ಕಲಾವಿದ ಬೇಕಿರಲಿಲ್ಲ. ಯಾರೋ ಬೆರಗಿನಿಂದ ನೋಡುವ ಹೆಣ್ಣು ತಾನಾಗಬೇಕಿತ್ತು.

ಇದನ್ನು ಗಂಡನಿಗೆ ಹೇಳಬೇಕಾ? ಆಕೆಗೇ ಬಿಟ್ಟೆ. ಅರ್ಧ ಹೇಳಿದರು. ಎಷ್ಟು ಹೇಳಿದರು ಅಂತ ನಾನು ಕೇಳಲಿಲ್ಲ.

ಗಂಡನದ್ದು ಒಂದೇ ಹಠ ಇತ್ತು. "ಗಂಡ ಹೆಂಡತಿ ಮಧ್ಯೆ ಮುಚ್ಚುಮರೆ ಇರಬಾರದು." ಮದುವೆ ಮನೆಯ ಉಪದೇಶಕ್ಕೆ ಇದು ಚೆನ್ನಾಗಿರುತ್ತದೆ. ನನ್ನ ಅಭಿಪ್ರಾಯ ಬೇರೆ. ಸಾಲ ಮಾಡಿದ್ದು, ಇನ್ನೊಬ್ಬರ ಜೊತೆ ಸಂಬಂಧ ಇಟ್ಟುಕೊಂಡದ್ದು, ಕಾಯಿಲೆ ಇದ್ದದ್ದು ಮುಚ್ಚಿಡಬಾರದು, ಯಾಕೆಂದರೆ ಅದರ ಪೆಟ್ಟು ಇನ್ನೊಬ್ಬರಿಗೂ ಬೀಳುತ್ತದೆ. ತಲೆಯೊಳಗೆ ಬಂದು ಹೋಗುವ ಚಿತ್ರಕ್ಕೆ ಲೆಕ್ಕ ಕೊಡಬೇಕಾಗಿಲ್ಲ. ಈ ವಾದಕ್ಕೆ ಅವರು ಒಪ್ಪಲಿಲ್ಲ. ಆಗ ನಾನು ಕೇಳಿದೆ, ನಾಗಪುರದಲ್ಲಿ ಮೂರು ವರ್ಷ ರಾತ್ರಿ ಫೋನಿನಲ್ಲಿ ಏನು ನೋಡುತ್ತಿದ್ದಿರಿ?

ಮೌನ. ಆಮೇಲೆ, "ಅದು ಬೇರೆ ಮೇಡಂ. ಅದರಲ್ಲಿ ಮನಸ್ಸಿಲ್ಲ, ಸುಮ್ನೆ."

ಹೆಂಡತಿ ಅಲ್ಲೇ ಇದ್ದರು. ಅವರಿಗೆ ಇದು ಹೊಸ ಸುದ್ದಿಯೂ ಆಗಿರಲಿಲ್ಲ. ಗಂಡಸಿನ ಕಲ್ಪನೆ ಸುಮ್ನೆ, ಹೆಂಗಸಿನದ್ದಾದರೆ ದ್ರೋಹ. ಈ ತಕ್ಕಡಿ ನಮ್ಮ ಕಡೆ ಎಲ್ಲ ಮನೆಯಲ್ಲೂ ಇದೆ, ಓದಿದವರ ಮನೆಯಲ್ಲೂ ಇದೆ. ಹಿಕ್ಸ್ ಮತ್ತು ಲೈಟನ್‌ಬರ್ಗ್ 2001ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದ ಅಂಕಿ ಹೇಳಿದೆ. ಅಮೆರಿಕದ ಒಂದು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು, ನೌಕರರು ಸೇರಿ 349 ಜನ, ಎಲ್ಲರಿಗೂ ಸಂಗಾತಿ ಇದ್ದವರೇ. ಹಿಂದಿನ ಎರಡು ತಿಂಗಳಲ್ಲಿ ಸಂಗಾತಿಯನ್ನು ಬಿಟ್ಟು ಬೇರೆಯವರ ಬಗ್ಗೆ ಲೈಂಗಿಕ ಕಲ್ಪನೆ ಬಂದಿತ್ತು ಅಂದವರು ಗಂಡಸರಲ್ಲಿ ಶೇಕಡಾ 98, ಹೆಂಗಸರಲ್ಲಿ ಶೇಕಡಾ 80. ಅಲ್ಲಿನ ಅಂಕಿಯನ್ನು ಹಾಗೇ ಇಲ್ಲಿಗೆ ಹಚ್ಚುವುದು ಸರಿಯಲ್ಲ. ಆದರೆ ಬ್ಯಾಂಕಿನವರಿಗೆ ಅಂಕಿ ತಾಗುತ್ತದೆ. "ಹಾಗಾದ್ರೆ ನಾನು 98ರಲ್ಲಿ ಬಂದೆ" ಅಂದರು. "ನಾನು ಬರೀ 80ರಲ್ಲಿ" ಅಂದರು ಹೆಂಡತಿ. ಇಬ್ಬರೂ ಒಂದೇ ಮಾತಿಗೆ ಸೇರಿ ನಕ್ಕದ್ದನ್ನು ನಾನು ಆವತ್ತೇ ಮೊದಲು ನೋಡಿದ್ದು.

ಮಾಡಿದ್ದು

ಮೊದಲ ಕೆಲಸ ವಿಚಾರಣೆ ನಿಲ್ಲಿಸುವುದು. ಗಂಡ ಕೇಳುತ್ತಾರೆ, ಹೆಂಡತಿ ಸಮಾಧಾನ ಹೇಳುತ್ತಾರೆ, ಅರ್ಧ ಗಂಟೆ ತಣ್ಣಗಾಗುತ್ತದೆ, ಆಮೇಲೆ ಹೊಸ ಪ್ರಶ್ನೆ ಹುಟ್ಟುತ್ತದೆ. ಬಾಗಿಲಿಗೆ ಬೀಗ ಹಾಕಿದ್ದೇನಾ ಅಂತ ಹತ್ತು ಸಲ ನೋಡುವವರಲ್ಲೂ ಇದೇ ಕ್ರಮ. ಪ್ರತಿ ಉತ್ತರವೂ ಮುಂದಿನ ಪ್ರಶ್ನೆಗೆ ಗೊಬ್ಬರ. ಹಾಗಾಗಿ ಹೆಂಡತಿ ಇನ್ನು ಮುಂದೆ ಉತ್ತರ ಕೊಡಬಾರದು ಅಂತ ಇಬ್ಬರ ಎದುರಲ್ಲೇ ಮಾತಾಯಿತು. ಪ್ರಶ್ನೆ ಬಂದರೆ ಒಂದು ಪುಸ್ತಕದಲ್ಲಿ ಬರೆದಿಟ್ಟು ನನ್ನ ಹತ್ತಿರ ತರಬೇಕು. ಮೊದಲ ವಾರ ಗಂಡ ಪುಟ ತುಂಬಿಸಿ ತಂದರು. ಗಟ್ಟಿಯಾಗಿ ಓದಿ ಅಂದೆ. ಅರ್ಧ ಓದುವಷ್ಟರಲ್ಲಿ ಅವರಿಗೇ ಸಾಕಾಯಿತು.

ಯೋಚನೆ ಬರಬಾರದು ಅಂತ ಹಟ ಮಾಡುವುದನ್ನೂ ಬಿಡಿಸಬೇಕಿತ್ತು. 1987ರಲ್ಲಿ ಡೇನಿಯಲ್ ವೆಗ್ನರ್ ಅನ್ನುವ ಮನಶ್ಶಾಸ್ತ್ರಜ್ಞರು ಕೆಲವರಿಗೆ, ಐದು ನಿಮಿಷ ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ ಅಂದರು. ಆದರೂ ಅವರಿಗೆ ಬಿಳಿ ಕರಡಿ ಪದೇ ಪದೇ ಬಂತು. ಆಮೇಲೆ ಯೋಚಿಸಬಹುದು ಅಂದಾಗ, ಮೊದಲಿಂದಲೇ ಬಿಡುಗಡೆ ಇದ್ದವರಿಗಿಂತ ಜಾಸ್ತಿ ಬಂತು. ಗಂಡ ದಿನಕ್ಕೆ ಹತ್ತಾರು ಸಲ ಆ ಪುಂಡುವೇಷವನ್ನು ತಲೆಯಿಂದ ಓಡಿಸುತ್ತಿದ್ದರು. ಓಡಿಸಬೇಡಿ, ಬಂದರೆ ಬಂತು, ಮಾಡುವ ಕೆಲಸ ಮುಂದುವರಿಸಿ ಅಂದೆ. ಇದು ಕೇಳಲು ಸುಲಭ, ಅಭ್ಯಾಸಕ್ಕೆ ತಿಂಗಳುಗಳೇ ಬೇಕಾದವು.

ಫೋನ್ ಹುಡುಕುವುದು ಪೂರ್ತಿ ಬಂದ್. ಹೆಂಡತಿ ಆಟಕ್ಕೆ ಹೋಗುವುದು ಪುನಃ ಶುರು. ಇದಕ್ಕೆ ಗಂಡನ ಅನುಮತಿ ಕೇಳುವ ಪ್ರಶ್ನೆಯೇ ಇಲ್ಲ ಅಂತ ಸ್ಪಷ್ಟ ಹೇಳಿದೆ.

ಆಮೇಲೆ ಹಾಸಿಗೆಯ ವಿಷಯ. ಮಾಸ್ಟರ್ಸ್ ಮತ್ತು ಜಾನ್ಸನ್ 1970ರ ಹೊತ್ತಿಗೆ ಪ್ರಚಾರಕ್ಕೆ ತಂದ ಒಂದು ಕ್ರಮ ಈಗಲೂ ಬಳಕೆಯಲ್ಲಿದೆ. ಕೆಲವು ವಾರ ಸೇರುವುದು ಬೇಡ. ಒಬ್ಬರು ಇನ್ನೊಬ್ಬರ ಮೈ ಮುಟ್ಟುವುದು, ಮೊದಲು ಬೆನ್ನು, ಕೈ, ಕಾಲು. ಮುಟ್ಟಿಸಿಕೊಳ್ಳುವವರು ಹೇಗನಿಸುತ್ತದೆ ಅಂತ ಗಮನಿಸುವುದು, ಬೇಕಾದ್ದು ಬೇಡದ್ದು ಹೇಳುವುದು. ಗಡಸಾಗಬೇಕು, ಮುಗಿಸಬೇಕು ಅನ್ನುವ ಪರೀಕ್ಷೆಯೇ ಇಲ್ಲದಿದ್ದಾಗ ಹೆದರಿಕೆ ಇಳಿಯುತ್ತದೆ. ಆದರೆ ಈ ಪಾಠ ಬರೆದವರಿಗೆ ಪಕ್ಕದ ಕೋಣೆಯಲ್ಲಿ ಅತ್ತೆ ಇರುವ ಮನೆ ಗೊತ್ತಿರಲಿಕ್ಕಿಲ್ಲ. ಇವರ ಕೋಣೆಯ ಬಾಗಿಲಿನ ಚಿಲಕ ಮಗಳು ಸಣ್ಣವಳಿದ್ದಾಗ ಮುರಿದದ್ದು. ಅಷ್ಟು ವರ್ಷ ಬಾಗಿಲಿಗೆ ಕುರ್ಚಿ ಒರಗಿಸಿಯೇ ಸಂಸಾರ ನಡೆದಿತ್ತು! ಬಡಗಿಯನ್ನು ಕರೆಸಿ ಹೊಸ ಚಿಲಕ ಹಾಕಿಸಿದರು. ಅತ್ತೆ ನೋಡಿ, "ಎಂತಕ್ಕೆ ಈಗ ಹೊಸ ಚಿಲ್ಕ?" ಅಂತ ಕೇಳಿದರಂತೆ. "ಗಾಳಿಗೆ ಬಾಗಿಲು ಬಡಿತದೆ ಅಮ್ಮ" ಅಂದರು ಮಗ. ನನ್ನ ಅನುಭವದಲ್ಲಿ ಮಧ್ಯವಯಸ್ಸಿನ ಎಷ್ಟೋ ದಂಪತಿಗಳಿಗೆ ಸಲಹೆಗಿಂತ ಮೊದಲು ಬೇಕಾದದ್ದು ಒಂದು ಚಿಲಕ.

ಹೆಂಡತಿಗೆ ಇನ್ನೊಂದು ಚಿಂತೆ ಇತ್ತು. ತನಗೆ ಆಸೆ ಮೊದಲಿನ ಹಾಗೆ ತಾನಾಗಿ ಬರುವುದಿಲ್ಲ, ಹಾಗಾಗಿ ತನ್ನಲ್ಲೇ ಕೊರತೆ ಇದೆ ಅಂತ. ಕೆನಡಾದ ವೈದ್ಯೆ ರೋಸ್ಮರಿ ಬ್ಯಾಸನ್ 2000ದ ಹೊತ್ತಿಗೆ ಇದರ ಬಗ್ಗೆ ಬರೆದಿದ್ದಾರೆ. ಬಹಳ ವರ್ಷ ಜೊತೆಗಿದ್ದವರಲ್ಲಿ, ಮುಖ್ಯವಾಗಿ ಹೆಂಗಸರಲ್ಲಿ, ಆಸೆ ಎಷ್ಟೋ ಸಲ ಮುಂದೆ ಬರುವುದಿಲ್ಲ, ಹಿಂದೆ ಬರುತ್ತದೆ. ಹತ್ತಿರ ಕೂತು, ಮಾತಾಡಿ, ಮುಟ್ಟಿಸಿಕೊಂಡು ಮೈ ಬೆಚ್ಚಗಾದ ಮೇಲೆ ಹುಟ್ಟುತ್ತದೆ. ಹಾಗಂತ ಇಷ್ಟವಿಲ್ಲದಿದ್ದರೂ ಒಪ್ಪಿಕೋ ಅಂತ ಅರ್ಥ ಅಲ್ಲ. ಬೇಡ ಅನಿಸಿದರೆ ಬೇಡ. ಇದನ್ನು ನಾನು ಗಂಡನ ಕಡೆ ನೋಡಿಯೇ ಹೇಳಿದೆ.

ಮತ್ತೆ, ದಾರಿ. ನನ್ನ ಕೋಣೆಯಲ್ಲಿ ಆಗದ ಮಾತು ಕಾರಿನಲ್ಲಿ ಆಗುತ್ತಿತ್ತು. ಇಬ್ಬರೂ ರಸ್ತೆ ನೋಡಿಕೊಂಡು ಕೂತಾಗ ಮುಖ ನೋಡಬೇಕಾದ ಕಷ್ಟ ಇಲ್ಲ. ಗಡಸಿನ ತೊಂದರೆಯ ಬಗ್ಗೆ ಗಂಡ ಹೆಂಡತಿಗೆ ಪೂರ್ತಿ ಹೇಳಿದ್ದು ಹೆಜಮಾಡಿ ಟೋಲಿನ ಕ್ಯೂನಲ್ಲಿ. ಪಡುಬಿದ್ರಿಯಲ್ಲಿ ಗಾಡಿ ನಿಲ್ಲಿಸಿ ಗೋಳಿಬಜೆ ತಿಂದರಂತೆ. ಶುಗರ್ ಇದ್ದವರಿಗೆ ಗೋಳಿಬಜೆ ಯಾಕೆ ಅಂತ ಗದರಿದೆ.

ಎಲ್ಲಿಗೆ ಬಂತು

ಆಟದ ತಿರುಗಾಟ ಪತ್ತನಾಜೆಗೆ, ಅಂದರೆ ಮೇ ತಿಂಗಳ ಕೊನೆಯ ಹೊತ್ತಿಗೆ, ಮುಗಿಯುತ್ತದೆ. ಮಳೆಗಾಲದಲ್ಲಿ ಗಂಡನಿಗೆ ಬಹಳ ಆರಾಮ ಅನಿಸಿತು. ಗುಣವಾಯಿತು ಅಂತ ಅವರೇ ತೀರ್ಮಾನ ಮಾಡಿದರು. ನಾನು ಒಪ್ಪಲಿಲ್ಲ. ನವೆಂಬರಿನಲ್ಲಿ ಮೇಳ ಹೊರಡಲಿ, ಆಗ ನೋಡುವ ಅಂದೆ.

ನವೆಂಬರಿನಲ್ಲಿ ಉರಿ ಪುನಃ ಎದ್ದಿತು, ಆದರೆ ಮೊದಲಿನಷ್ಟು ಹೊತ್ತು ಉಳಿಯಲಿಲ್ಲ. ಹೆಂಡತಿ ಆಟಕ್ಕೆ ಹೋದರು. ಗಂಡ ಬಿಟ್ಟು ಬಂದರು, ಮುಗಿದ ಮೇಲೆ ಕರೆದುಕೊಂಡು ಬಂದರು. ಜೊತೆಗೆ ಕೂತು ನೋಡಲು ಅವರಿಗೆ ಇನ್ನೂ ಆಗುವುದಿಲ್ಲ. ಆಗಬೇಕು ಅಂತ ನಾನು ಒತ್ತಾಯ ಮಾಡಲಿಲ್ಲ.

ಇನ್ನೊಂದು ಮಾತು ಬಿಟ್ಟರೆ ಈ ಬರಹ ಸುಳ್ಳಾಗುತ್ತದೆ. ವಿಚಾರಣೆ ನಿಂತ ಮೇಲೆ ಅವರ ರಾತ್ರಿಗಳು ಸಪ್ಪೆಯಾದವು. ಮೊದಲು ಹೇಳಿದ್ದು ಗಂಡ. "ಜಗಳ ಇಲ್ಲ, ನೋವಿಲ್ಲ, ಆದ್ರೆ ಆ ಬಿಸಿಯೂ ಇಲ್ಲ ಮೇಡಂ." ಹೆಂಡತಿಯೂ ತಲೆ ಅಲ್ಲಾಡಿಸಿದರು. ಹೊಟ್ಟೆಕಿಚ್ಚಿನ ಜೊತೆ ಅದು ತಂದುಕೊಡುತ್ತಿದ್ದದ್ದೂ ಹೋಯಿತು. ಸೇರುವುದು ಕಡಿಮೆಯಾಯಿತು. ಶುಗರ್ ಹತೋಟಿಗೆ ಬಂದು, ವೈದ್ಯರು ಕೊಟ್ಟ ಮಾತ್ರೆಯಿಂದ ಗಡಸಿನ ತೊಂದರೆ ಸುಧಾರಿಸಿದರೂ ಈ ಸಪ್ಪೆಗೆ ಮಾತ್ರೆ ಇಲ್ಲ.

ಆಗ ಹೆಂಡತಿಯೇ ಒಂದು ದಾರಿ ಹೇಳಿದರು. ಆ ಪ್ರಶ್ನೆ ಕೇಳುವ ಆಟ ಪೂರ್ತಿ ಬಿಡುವುದು ಬೇಡ, ಅದನ್ನು ಆಟ ಅಂತಲೇ ಆಡುವ. ಕೇಳುವುದಿದ್ದರೆ ತಾನು ಒಪ್ಪಿದ ರಾತ್ರಿ ಮಾತ್ರ ಕೇಳಬೇಕು. ತಾನು ಸಾಕು ಅಂದರೆ ಸಾಕು. ಹೇಳಿದ್ದು ನಿಜವಾ ಸುಳ್ಳಾ ಅಂತ ಕೇಳಬಾರದು. ಬೆಳಿಗ್ಗೆ ಚಿಲಕ ತೆಗೆದ ಮೇಲೆ ಅದರ ಸುದ್ದಿ ಎತ್ತುವಂತಿಲ್ಲ. ಕೆಲವು ಸಲಹೆಗಾರರು ಇದಕ್ಕೆ ಒಪ್ಪಲಿಕ್ಕಿಲ್ಲ, ಅನುಮಾನದ ಹುಣ್ಣನ್ನು ಪುನಃ ಕೆರೆದ ಹಾಗೆ ಅನ್ನಬಹುದು. ನನಗೂ ಅಳುಕು ಇತ್ತು. ಆದರೆ ಷರತ್ತು ಇಟ್ಟವರು ಆಕೆ, ನಿಲ್ಲಿಸುವ ಅಧಿಕಾರ ಆಕೆಯದ್ದು. ಮೊದಲು ಇದೇ ಎರಡು ಇರಲಿಲ್ಲ.

ಒಂದು ಸಲ ಗಂಡ ಷರತ್ತು ಮುರಿದರು. ಬೆಳಿಗ್ಗೆ ಟಿಫಿನ್ ಕಟ್ಟುವಾಗ, "ನಿನ್ನೆ ಹೇಳಿದ್ದು ನಿಜವಾ?" ಅಂತ ಕೇಳಿಬಿಟ್ಟರು. ಹೆಂಡತಿ ಉತ್ತರ ಕೊಡಲಿಲ್ಲ. ಮೂರು ವಾರ ಆ ಪ್ರಶ್ನೆಯ ಆಟ ಬಂದ್ ಮಾಡಿದರು. ಆಮೇಲೆ ಹೆಂಡತಿಯೇ ಪುನಃ ಶುರು ಮಾಡಿದರು.

ಈಗ ಅವರು ಬರುವುದು ಎರಡು ಮೂರು ತಿಂಗಳಿಗೊಮ್ಮೆ. ಪುಸ್ತಕದಲ್ಲಿ ಪ್ರಶ್ನೆ ಬರೆಯುವುದು ಹೆಚ್ಚುಕಡಿಮೆ ನಿಂತಿದೆ. ಕಳೆದ ಸಲ ಬಂದಾಗ ಮಾತಾಡಿದ್ದು ಬೇರೆಯೇ ವಿಷಯ. ಗಂಡನಿಗೆ ಬಡ್ತಿಯ ಜೊತೆ ಪುನಃ ವರ್ಗಾವಣೆಯ ಸುದ್ದಿ ಇದೆ. ಈ ಸಲ ದೂರ ಅಲ್ಲ, ಹುಬ್ಬಳ್ಳಿ ಕಡೆ. ಹೋಗುವುದಾ, ಬಡ್ತಿ ಬೇಡ ಅಂತ ಬರೆದುಕೊಟ್ಟು ಇಲ್ಲೇ ಉಳಿಯುವುದಾ ಅಂತ ಇಬ್ಬರಿಗೂ ತೀರ್ಮಾನ ಆಗಿಲ್ಲ. ಗಂಡ ಉಳಿಯಬೇಕು ಅನ್ನುತ್ತಾರೆ. ಹೋಗಿ ಬನ್ನಿ, ಶನಿವಾರ ಬಂದರಾಯಿತು ಅನ್ನುವುದು ಹೆಂಡತಿ.